ಸಿಲಿಕಾ ಎಂದು ಮಾರಿದ ಸೀಮೆಸುಣ್ಣದ ಪುಡಿಯ ಬಗ್ಗೆ ದೂರು

ದೂರು ಪರಿಹಾರ ಅಧಿಕಾರಿಯವರಿಗೆ,

ಮಾನ್ಯರೇ,

‘ನಿಮ್ಮ ದೂರನ್ನು ಪರಿಹರಿಸಿ ಮುಕ್ತಾಯಗೊಳಿಸಲಾಗಿದೆ’ ಎಂದು ಮೇ 24ರಂದು ನಿಮ್ಮಿಂದ ಒಂದು ಸಾಲಿನ ಸಂದೇಶ ಬಂದಿದೆ. ಏನನ್ನು ಪರಿಹರಿಸಿದಿರಿ? ಹಣ ಬಂದಿಲ್ಲ, ಬದಲಿ ಪೊಟ್ಟಣ ಬಂದಿಲ್ಲ, ಕ್ಷಮೆಯ ಒಂದು ಮಾತೂ ಬಂದಿಲ್ಲ. ಮೂರು ಸಲ ಫೋನ್ ಮಾಡಿ ಸಮಾಧಾನದಿಂದ ಹೇಳಿದ್ದಾಯಿತು. ಇನ್ನು ಬರವಣಿಗೆಯಲ್ಲೇ ಹೇಳುತ್ತೇನೆ.

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ಎಂಬ ಮರದ ಹಡಗಿನ ಮಾದರಿಯೊಂದನ್ನು ನಾನು ಕಟ್ಟುತ್ತಿದ್ದೇನೆ. ನನ್ನ ಅಪ್ಪ ಅಂಥ ಮಂಜಿಯಲ್ಲಿ ತಾಂಡೇಲರಾಗಿದ್ದವರು, ಅಂದರೆ ಅದನ್ನು ನಡೆಸುವ ಮುಖ್ಯಸ್ಥರು. ಮಾದರಿಯ ಉದ್ದ ಒಂದು ಮೀಟರ್; ಹಲಗೆಗಳು ಹೆಬ್ಬಲಸಿನ 3 ಮಿ.ಮೀ. ದಪ್ಪದ ಪಟ್ಟಿಗಳು. ಗಾಜಿನ ಪೆಟ್ಟಿಗೆಯಲ್ಲಿ ಇಡುವುದಕ್ಕಲ್ಲ, ಫಲ್ಗುಣಿ ನದಿಯ ನೀರಿಗೆ ಇಳಿಸುವುದಕ್ಕೆ. ಅದಕ್ಕಾಗಿಯೇ ಅಗ್ಗದ ಪಾಲಿಯೆಸ್ಟರ್ ರಾಳ ಬಿಟ್ಟು, ಹಾರ್ಡನರ್ ಎಂಬ ಇನ್ನೊಂದು ದ್ರವ ಬೆರೆಸಿದಾಗ ಗಟ್ಟಿಯಾಗುವ ಎಪಾಕ್ಸಿ ಅಂಟನ್ನು ಆರಿಸಿದೆ. ಪಾಲಿಯೆಸ್ಟರ್ ಮರವನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ಅದರಲ್ಲಿರುವ ಸ್ಟೈರೀನ್ ಎಂಬ ದ್ರಾವಕದ ವಾಸನೆಯಲ್ಲಿ ಮನೆಯವರು ಬದುಕುವುದೂ ಕಷ್ಟ.

ಎಪಾಕ್ಸಿಯನ್ನು ಹಾಗೆಯೇ ಬಳಿದರೆ ಅದು ಎಣ್ಣೆಯಂತೆ ಹರಿಯುತ್ತದೆ. ಹಲಗೆಯೂ ಒಳಗಿನ ಬಾಗುಮರವಾದ ಪಕ್ಕೆಯೂ ಸೇರುವ ಮೂಲೆಯಲ್ಲಿ ಅದು ನಿಲ್ಲಬೇಕಾದರೆ ಪುಡಿ ಬೆರೆಸಬೇಕು. ಯಾವ ಪುಡಿ ಎಂಬುದರಲ್ಲೇ ಎಲ್ಲವೂ ಇದೆ. ಹೊರಮೈಯ ತಗ್ಗು ತುಂಬಲು ಮೈಕ್ರೋಬಲೂನ್. ಅವು ಪುಡಿಯಷ್ಟು ಸಣ್ಣ ಟೊಳ್ಳು ಗಾಜಿನ ಗುಳಿಗೆಗಳು, ಹಗುರ, ಉಜ್ಜಿದರೆ ಸುಲಭವಾಗಿ ಸವೆಯುತ್ತವೆ, ಆದರೆ ಭಾರ ಹೊರುವ ಜೋಡಣೆಗೆ ಸಲ್ಲವು. ಒಳಗಿನ ಜೋಡಣೆಗೆ ಫ್ಯೂಮ್ಡ್ ಸಿಲಿಕಾ, ಅಂದರೆ ಹೊಗೆಯಂತೆ ಹಗುರವಾದ ಸಿಲಿಕಾ ಪುಡಿ. ಇದನ್ನು ಬೆರೆಸಿದ ಎಪಾಕ್ಸಿ ಕಲಕಿದಾಗ ಸಡಿಲ, ಬಿಟ್ಟಾಗ ಬಿಗಿ. ಗಟ್ಟಿ ಚಟ್ನಿಯ ಹದಕ್ಕೆ ತಂದು ಚಮಚ ಬೋರಲು ಹಾಕಿದರೂ ಬೀಳಬಾರದು. ಇದೆಲ್ಲ ನಿಮಗೆ ತಿಳಿಯದ್ದಲ್ಲ. ನಿಮ್ಮದೇ ಮಾರಾಟದ ಪುಟದಲ್ಲಿ ಇದನ್ನೇ ಬರೆದಿದ್ದೀರಿ.

ಏಪ್ರಿಲ್ 3ರಂದು 640 ರೂಪಾಯಿಗೆ ನೀವು ಕಳುಹಿಸಿದ 200 ಗ್ರಾಂ ‘ಫ್ಯೂಮ್ಡ್ ಸಿಲಿಕಾ’ ನನ್ನ ಅಂಗೈಯಲ್ಲಿ ಹಿಡಿಯಿತು. ಸಾಮಾನ್ಯ ಫ್ಯೂಮ್ಡ್ ಸಿಲಿಕಾ ಒಂದು ಲೀಟರಿಗೆ ಸುಮಾರು 50 ಗ್ರಾಂ ಮಾತ್ರ ತೂಗುತ್ತದೆ. ಅಂದರೆ 200 ಗ್ರಾಂ ಪುಡಿ ನಾಲ್ಕು ಲೀಟರಿನ ಡಬ್ಬಿ ತುಂಬಬೇಕು. ಒತ್ತಿ ತುಂಬಿರಬಹುದೆಂದು ನಿಮ್ಮ ಚೀಟಿಯನ್ನು ನಂಬಿದೆ. ಪುಡಿ ಹೊಗೆಯಂತೆ ಏಳುತ್ತದೆ ಎಂದು ಮುಖಗವಸು ಹಾಕಿಕೊಂಡು ತೆರೆದರೆ, ಒಂದು ಕಣವೂ ಮೇಲೇಳಲಿಲ್ಲ. ಮೂರು ಚಮಚಕ್ಕೆ ಬರಬೇಕಾದ ಹದಕ್ಕೆ ಒಂಬತ್ತು ಚಮಚ ಬೇಕಾಯಿತು. ಕಲಸುವಾಗ ಗಟ್ಟಿಯಾಗಿಯೇ ಕಂಡಿತು. ಆದರೆ ಎಪಾಕ್ಸಿ ಗಟ್ಟಿಯಾಗುವ ಮೊದಲು ತಾನೇ ಬಿಸಿಯೇರಿ ತೆಳ್ಳಗಾಗುತ್ತದೆ. ಸಿಲಿಕಾ ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ಆ ಹೊತ್ತಿನಲ್ಲೇ. ನಿಮ್ಮ ಪುಡಿ ನಿಲ್ಲಿಸಲಿಲ್ಲ. ಬೆಳಿಗ್ಗೆ ನೋಡಿದಾಗ ಹದಿನಾಲ್ಕು ಪಕ್ಕೆಗಳ ಲೇಪವೆಲ್ಲ ಜಾರಿ ಅಡಿಮರದ ಮೇಲೆ ಕಲ್ಲಾಗಿ ಕೂತಿತ್ತು.

ಉಳಿದ ಪುಡಿಯ ಮೇಲೆ ನಿಂಬೆರಸ ಹಿಂಡಿದೆ. ಬುಸ್ಸೆಂದು ನೊರೆ ಬಂತು. ಹಿಂದೆ ಬೇರೆ ಕಡೆ ಕೊಂಡ ಸಿಲಿಕಾ ಒಂದು ಚಮಚ ಉಳಿದಿತ್ತು, ಅದರ ಮೇಲೂ ಹಿಂಡಿದೆ. ಏನೂ ಆಗಲಿಲ್ಲ. ಸಿಲಿಕಾ ನಿಂಬೆರಸಕ್ಕೆ ನೊರೆಯುವುದಿಲ್ಲ, ಸೀಮೆಸುಣ್ಣ ನೊರೆಯುತ್ತದೆ. ಎರಡರ ವಿಡಿಯೊವನ್ನೂ ಏಪ್ರಿಲ್ 8ರಂದೇ ನಿಮಗೆ ಕಳುಹಿಸಿದ್ದೇನೆ.

ಈಗ ಮೇ 6ರ ಮಾತುಕತೆ. ನಿಮ್ಮ ಬಳಿ ಧ್ವನಿಮುದ್ರಣ ಇರಬೇಕು, ದಯವಿಟ್ಟು ಕೇಳಿ.

‘ಅಮ್ಮ, ಇದರಿಂದ ಏನು ಮಾಡುತ್ತೀರಿ?’ ಎಂದು ನಿಮ್ಮ ಸಿಬ್ಬಂದಿ ಕೇಳಿದರು. ದೋಣಿಯ ಮಾದರಿ ಎಂದೆ. ‘ಮೊಮ್ಮಕ್ಕಳಿಗಾ?’ ಎಂದರು. ಅಲ್ಲ ಎಂದೆ. ‘ಗಟ್ಟಿಯಾಗದಿದ್ದರೆ ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಿ’ ಎಂದರು. ಗಟ್ಟಿಯಾಗಿದೆ, ಜಾರಿದ್ದೇ ತೊಂದರೆ ಎಂದೆ. ಎಪಾಕ್ಸಿಗೆ ಹಾರ್ಡನರ್ ಹೆಚ್ಚು ಹಾಕಿದರೆ ಹೆಚ್ಚಾದದ್ದು ಜೊತೆ ಸಿಗದೆ ಒಳಗೇ ಉಳಿದು ಜೋಡಣೆ ಮೆತ್ತಗಾಗುತ್ತದೆ ಎಂದೂ ಹೇಳಿದೆ. ‘ಒಂದು ನಿಮಿಷ’ ಎಂದು ಹನ್ನೊಂದು ನಿಮಿಷ ಕಾಯಿಸಿದರು. ಮರಳಿ ಬಂದು, ‘ನಿಂಬೆರಸ ಯಾಕೆ ಹಾಕಿದಿರಿ? ಅದಕ್ಕೇ ಹಾಳಾಗಿದೆ’ ಎಂದರು. ದೋಣಿಗೆ ಹಾಕಿಲ್ಲ, ತಟ್ಟೆಯಲ್ಲಿ ಪರೀಕ್ಷೆ ಮಾಡಿದ್ದು ಎಂದು ಎರಡು ಸಲ ಬಿಡಿಸಿ ಹೇಳಿದೆ. ಆಗ ಬಂದ ಮಾತು ಇದು: ‘ಮನೆಯಲ್ಲಿ ಗಂಡಸರು ಯಾರಾದರೂ ಇದ್ದರೆ ಫೋನ್ ಕೊಡಿ, ಅವರಿಗೆ ಅರ್ಥ ಮಾಡಿಸುತ್ತೇನೆ.’ ಹಿಂದಿನಿಂದ ಯಾರೋ ನಕ್ಕದ್ದು ಕೇಳಿಸಿತು.

ನಾನು 27 ವರ್ಷ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದವಳು. ಮನೆಯಲ್ಲಿದ್ದ ಗಂಡಸು ನನ್ನ ಅಪ್ಪ ಒಬ್ಬರೇ. ಅವರಿಗೆ 84 ವರ್ಷ, ಕಣ್ಣು ಮಂಜು. ಬೆರಳಿನಿಂದ ಸವರಿಯೇ ಅವರು ಈ ದೋಣಿಯನ್ನು ನೋಡುವುದು. ಫೋನಿನ ಮಾತು ಅವರಿಗೂ ಕೇಳಿಸಿತ್ತು. ಏನೂ ಹೇಳಲಿಲ್ಲ, ಎದ್ದು ಒಳಗೆ ಹೋದರು. ಅದನ್ನು ನಾನು ಮರೆಯುವುದಿಲ್ಲ.

ತಪ್ಪು ವಸ್ತು ಬಂದರೆ 7 ದಿನಗಳೊಳಗೆ ತಿಳಿಸಿ ಎಂಬುದು ನಿಮ್ಮದೇ ನಿಯಮ. ಐದನೆಯ ದಿನ ತಿಳಿಸಿದೆ. ತೆರೆದ ಪೊಟ್ಟಣಕ್ಕೆ ಅದು ಅನ್ವಯಿಸದು ಎಂದಿರಿ. ತೆರೆಯದೆ ಒಳಗೆ ಸೀಮೆಸುಣ್ಣ ಇದೆಯೆಂದು ಯಾರಿಗೆ ತಿಳಿಯುತ್ತದೆ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದದ್ದನ್ನು 48 ಗಂಟೆಗಳಲ್ಲಿ ಒಪ್ಪಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಎರಡೂ ಗಡುವು ದಾಟಿವೆ. ಪೊಟ್ಟಣದ ಮೇಲೆ ತುಂಬಿದವರ ವಿಳಾಸವಿಲ್ಲ, ತಿಂಗಳು ವರ್ಷವಿಲ್ಲ. ಇದು ತೂಕ, ಅಳತೆ, ಪೊಟ್ಟಣದ ಚೀಟಿಗಳನ್ನು ಪರಿಶೀಲಿಸುವ ಕಾನೂನು ಮಾಪನಶಾಸ್ತ್ರ ಇಲಾಖೆ ನೋಡಬೇಕಾದ ಸಂಗತಿ. ಅವರಿಗೆ ಫೋಟೊ ಹೋಗುತ್ತದೆ.

ಬಿಸಿಗಾಳಿಯ ಯಂತ್ರ ಹಿಡಿದು ಮೆತ್ತಗೆ ಮಾಡಿ, ಉಳಿಯಿಂದ ಕೆತ್ತಿ, ಹನ್ನೊಂದು ದಿನ ಆ ಕಲ್ಲನ್ನು ತೆಗೆದಿದ್ದೇನೆ. ಎರಡು ಪಕ್ಕೆಗಳು ಮುರಿದವು. ನಿಮ್ಮ 640 ರೂಪಾಯಿ ಮರಳಿದರೂ ಈಗ ನಾನು ನಿಲ್ಲುವುದಿಲ್ಲ. ಅದೇ ಪುಡಿಯನ್ನು ಯಾರು ಯಾರಿಗೆ ಮಾರಿದ್ದೀರೋ ಅವರೆಲ್ಲರಿಗೂ ಬರವಣಿಗೆಯಲ್ಲಿ ತಿಳಿಸಬೇಕು. ಮನುಷ್ಯರು ಕೂರುವ ದೋಣಿಯ ಜೋಡಣೆಗೆ ಯಾರಾದರೂ ಅದನ್ನು ಬಳಸಿದ್ದರೆ ಏನಾದೀತು ಎಂದು ಯೋಚಿಸಿದ್ದೀರಾ?

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಭೇಟಿಯಾಗೋಣ. 5 ಲಕ್ಷದವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ನಿಮ್ಮ ಪೊಟ್ಟಣ, ಒಂದು ತಟ್ಟೆ, ಒಂದು ನಿಂಬೆಹಣ್ಣು ತರುತ್ತೇನೆ. ಅರ್ಥ ಮಾಡಿಕೊಳ್ಳಲು ಗಂಡಸರನ್ನು ಕರೆತರುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕಿ
ಮಂಗಳೂರು, ಮೇ 27