ಸ್ವಾಲ್‌ಬಾರ್ಡ್ ಒಪ್ಪಂದ ಕನ್ನಡಕ್ಕೆ ಬರಲಿ: ಕೇಂದ್ರ ಭೂ ವಿಜ್ಞಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಉತ್ತರ ಧ್ರುವ ಪ್ರದೇಶದ ಸ್ವಾಲ್‌ಬಾರ್ಡ್ ದ್ವೀಪಸಮೂಹದ ನಿ-ಓಲೆಸುಂಡ್‌ನಲ್ಲಿ 2008ರಿಂದ ನಮ್ಮ ‘ಹಿಮಾದ್ರಿ’ ಸಂಶೋಧನಾ ಕೇಂದ್ರವಿದೆ. ಅದು ನಾರ್ವೆ ದಯಪಾಲಿಸಿದ ಜಾಗ ಎಂದೇ ಹಲವರು ತಿಳಿದಿದ್ದಾರೆ. ಆದರೆ ಆ ನೆಲದ ಜೊತೆ ಭಾರತದ ಸಂಬಂಧ 1920ರ ಫೆಬ್ರವರಿ 9ರಷ್ಟು ಹಳೆಯದು. ಅಂದು ಪ್ಯಾರಿಸ್‌ನಲ್ಲಿ ಸ್ವಾಲ್‌ಬಾರ್ಡ್ ಒಪ್ಪಂದಕ್ಕೆ ಸಹಿ ಬಿತ್ತು. ನಾರ್ವೆಯ ಪರವಾಗಿ ಸಹಿ ಹಾಕಿದವರು ಫ್ರಿಟ್ಸ್ ವೇಡೆಲ್ ಯಾರ್ಲ್ಸ್‌ಬರ್ಗ್.

1855ರಲ್ಲಿ ಹುಟ್ಟಿದ ಇವರು ಸ್ವೀಡನ್-ನಾರ್ವೆ ಒಂದೇ ಕಿರೀಟದಡಿ ಇದ್ದಾಗಲೇ ವಿದೇಶಾಂಗ ಸೇವೆಯಲ್ಲಿದ್ದು, ಮ್ಯಾಡ್ರಿಡ್‌ನಲ್ಲಿ ರಾಯಭಾರಿಯಾಗಿದ್ದರು. 1905ರಲ್ಲಿ ನಾರ್ವೆ ಬೇರೆಯಾದಾಗ, ಡೆನ್ಮಾರ್ಕಿನ ರಾಜಕುಮಾರ ಕಾರ್ಲ್ ಸಿಂಹಾಸನ ಒಪ್ಪಿಕೊಳ್ಳುವಂತೆ ಕೋಪನ್‌ಹೇಗನ್‌ನಲ್ಲಿ ಓಡಾಡಿದವರಲ್ಲಿ ಇವರೂ ಒಬ್ಬರು. ಆ ಕಾರ್ಲ್ ಏಳನೇ ಹೋಕನ್ ಎಂಬ ಹೆಸರಿನಲ್ಲಿ ದೊರೆಯಾದರು. 1906ರಿಂದ 1930ರವರೆಗೆ ನಾರ್ವೆಯ ರಾಯಭಾರಿಯಾಗಿ ವೇಡೆಲ್ ಪ್ಯಾರಿಸ್ ಬಿಟ್ಟು ಕದಲಲಿಲ್ಲ. ಒಂದೇ ಊರಿನಲ್ಲಿ ಅಷ್ಟು ವರ್ಷ ಬೇರೂರಿದ್ದೇ ಅವರ ದೊಡ್ಡ ಬಲ ಎನ್ನುವುದು ನಮ್ಮ ಅಭಿಪ್ರಾಯ.

1920ರ ಒಪ್ಪಂದದವರೆಗೆ ಸ್ಪಿಟ್ಸ್‌ಬರ್ಗನ್ (ಸ್ವಾಲ್‌ಬಾರ್ಡ್‌ಗೆ ಆಗ ಇದ್ದ ಹೆಸರು) ಯಾವ ದೇಶಕ್ಕೂ ಸೇರಿರಲಿಲ್ಲ. ಕಲ್ಲಿದ್ದಲು ಗಣಿಗಾರಿಕೆ ಶುರುವಾದ ಮೇಲೆ ಒಂದೇ ಜಾಗಕ್ಕೆ ಇಬ್ಬರು ಹಕ್ಕು ಹೇಳಿದರೆ ತೀರ್ಪು ಕೊಡಲು ನ್ಯಾಯಾಲಯವಿಲ್ಲ, ಪೊಲೀಸರಿಲ್ಲ. ನಾರ್ವೆ, ಸ್ವೀಡನ್, ರಷ್ಯಾ ಮೂರೂ ಸೇರಿ ಆಳುವ ಯೋಜನೆಗಾಗಿ 1910, 1912 ಮತ್ತು 1914ರಲ್ಲಿ ಕ್ರಿಸ್ಟಿಯಾನಿಯಾದಲ್ಲಿ (ಇಂದಿನ ಓಸ್ಲೊ) ಸಮ್ಮೇಳನಗಳಾದವು. ಮೊದಲ ಮಹಾಯುದ್ಧ ಬಂದು ಮಾತುಕತೆ ಮುರಿಯಿತು. 1919ರಲ್ಲಿ ರಷ್ಯಾ ಅಂತರ್ಯುದ್ಧದಲ್ಲಿ ಮುಳುಗಿತ್ತು, ಸೋತ ಜರ್ಮನಿಯ ಮಾತಿಗೆ ಬೆಲೆ ಇರಲಿಲ್ಲ. ಇದೇ ಹೊತ್ತು ಎಂದರಿತ ವೇಡೆಲ್, ನಾರ್ವೆಗೆ ಯುದ್ಧಾನಂತರದ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಕುರ್ಚಿಯೇ ಇಲ್ಲದಿದ್ದರೂ, ದ್ವೀಪಗಳ ಸಾರ್ವಭೌಮತ್ವ ಕೇಳಿ ಅರ್ಜಿ ಸಲ್ಲಿಸಿದರು. ತಟಸ್ಥವಾಗಿದ್ದರೂ ನಾರ್ವೆಯ ಸರಕು ಹಡಗುಗಳಲ್ಲಿ ಸುಮಾರು ಅರ್ಧ ಯುದ್ಧದಲ್ಲಿ ಮುಳುಗಿದ್ದವು. ಆ ನಷ್ಟ ಅವರ ವಾದಕ್ಕೆ ಬಲ ಕೊಟ್ಟಿತು.

ಫಲವಾಗಿ ಬಂದದ್ದು 10 ವಿಧಿಗಳ ಚಿಕ್ಕ ಒಪ್ಪಂದ. 1ನೇ ವಿಧಿ ನಾರ್ವೆಗೆ ಪೂರ್ಣ ಸಾರ್ವಭೌಮತ್ವ ಕೊಡುತ್ತದೆ. 2 ಮತ್ತು 3ನೇ ವಿಧಿಗಳು ಸಹಿ ಹಾಕಿದ ದೇಶಗಳ ಪ್ರಜೆಗಳಿಗೆ ಬೇಟೆ, ಮೀನುಗಾರಿಕೆ, ಗಣಿಗಾರಿಕೆ, ವ್ಯಾಪಾರಗಳಲ್ಲಿ ಸಮಾನ ಹಕ್ಕು ಕೊಡುತ್ತವೆ. 8ನೇ ವಿಧಿಯಂತೆ ಅಲ್ಲಿನ ತೆರಿಗೆ ಹಣ ಅಲ್ಲಿಗೇ ಖರ್ಚಾಗಬೇಕು. ಖನಿಜ ರಫ್ತು ಸುಂಕ ಮೊದಲ 1,00,000 ಟನ್‌ವರೆಗೆ ಬೆಲೆಯ ಶೇ 1ನ್ನು ಮೀರುವಂತಿಲ್ಲ. ಭಾರತದ ಹೆಸರಿನಲ್ಲಿ ಸಹಿ ಹಾಕಿದವರು ಪ್ಯಾರಿಸ್‌ನಲ್ಲಿದ್ದ ಬ್ರಿಟಿಷ್ ರಾಯಭಾರಿ ಲಾರ್ಡ್ ಡರ್ಬಿ. ಭಾರತೀಯರೊಬ್ಬರ ಕೈಬರಹ ಅಲ್ಲಿಲ್ಲ, ಆದರೂ ಹಕ್ಕು ನಮ್ಮದಾಯಿತು.

ಒಪ್ಪಂದದ ಬಗ್ಗೆ ಬರೆಯುವಾಗ ಮೂರು ಕಡೆ ತಪ್ಪಾಗುತ್ತದೆ. ಸ್ವಾಲ್‌ಬಾರ್ಡ್ ‘ಸೇನಾರಹಿತ ವಲಯ’ ಎನ್ನುತ್ತಾರೆ. 9ನೇ ವಿಧಿ ನಿಷೇಧಿಸುವುದು ನೌಕಾನೆಲೆ, ಕೋಟೆಕೊತ್ತಲ ಮತ್ತು ಯುದ್ಧದ ಬಳಕೆಯನ್ನು ಮಾತ್ರ. ಸಂಶೋಧನೆಯ ಹಕ್ಕೂ ಇದರಲ್ಲೇ ಬರೆದಿದೆ ಎನ್ನುತ್ತಾರೆ. 5ನೇ ವಿಧಿ ಅದರ ಷರತ್ತುಗಳನ್ನು ಮುಂದಿನ ಬೇರೊಂದು ಒಡಂಬಡಿಕೆಗೆ ಬಿಟ್ಟಿದೆ. ಸಮಾನ ಹಕ್ಕು ಸಮುದ್ರದಲ್ಲಿ ಎಲ್ಲಿಯವರೆಗೆ ಎನ್ನುವುದು ಎಲ್ಲಕ್ಕಿಂತ ಸೂಕ್ಷ್ಮ. 1920ರಲ್ಲಿ 200 ನಾಟಿಕಲ್ ಮೈಲಿ ವಲಯದ ಕಲ್ಪನೆಯೇ ಇರಲಿಲ್ಲ, ಒಪ್ಪಂದ ಹೇಳಿದ್ದು ‘ಪ್ರಾದೇಶಿಕ ಜಲ’ (ದೇಶದ ಸಾರ್ವಭೌಮತ್ವಕ್ಕೆ ಒಳಪಟ್ಟ ಕರಾವಳಿಯ ಕಿರಿದಾದ ಸಮುದ್ರಪಟ್ಟಿ) ಎಂದಷ್ಟೇ. 1977ರಲ್ಲಿ ನಾರ್ವೆ ಅಲ್ಲಿ 200 ಮೈಲಿಯ ಮೀನುಗಾರಿಕಾ ಸಂರಕ್ಷಣಾ ವಲಯ ಘೋಷಿಸಿದ ಮೇಲೆ ಎದ್ದ ವಿವಾದ ಇಂದಿಗೂ ತಣ್ಣಗಾಗಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಹತ್ತೂ ವಿಧಿಗಳನ್ನು ಅನುಬಂಧದ ಸಮೇತ ಕನ್ನಡಕ್ಕೆ ಅನುವಾದಿಸಿ ಸಚಿವಾಲಯದಿಂದಲೇ ಪ್ರಕಟಿಸಿ. ಫ್ರೆಂಚ್ ಮತ್ತು ಇಂಗ್ಲಿಷ್ ಎರಡೂ ಪಾಠಗಳು ಅಧಿಕೃತವಾದ್ದರಿಂದ ಅನುವಾದಕರು ಎರಡನ್ನೂ ಎದುರಿಗಿಟ್ಟುಕೊಳ್ಳಲಿ. ‘ಪ್ರಾದೇಶಿಕ ಜಲ’ ಎಂಬಲ್ಲಿ ಬರೀ ‘ಸಮುದ್ರ’ ಎಂದು ಬರೆದರೆ ಅರ್ಥವೇ ಕೆಡುತ್ತದೆ. ಅಂಥ ಪದಗಳನ್ನು ಅಂತರರಾಷ್ಟ್ರೀಯ ಕಾನೂನು ಬಲ್ಲವರೊಬ್ಬರು ನೋಡಲಿ. ಮುನ್ನುಡಿಯಲ್ಲಿ ವೇಡೆಲ್ ಅವರ ಪರಿಚಯಕ್ಕೆ ಎರಡು ಪುಟ ಮೀಸಲಿಡಿ. ಮೊದಲ ಪ್ರತಿಗಳು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರಕ್ಕೂ ಕರ್ನಾಟಕದ ಕಾನೂನು ಕಾಲೇಜುಗಳ ಗ್ರಂಥಾಲಯಗಳಿಗೂ ಹೋಗಲಿ.

ಇಂತಿ,
ಧ್ರುವ ಪ್ರದೇಶದ ಒಪ್ಪಂದಗಳನ್ನು ಅಭ್ಯಾಸ ಮಾಡುತ್ತಿರುವ ಕನ್ನಡಿಗರು