ಜೊತಿಗೆ ಇರಾಕಿ

ಮೊನ್ನೆ ಗವಿಸಿದ್ಧೇಶ್ವರ ಜಾತ್ರೆಗೆ ನಡೆದುಕೊಂಡೇ ಹೋಗಿ ತೇರು ನೋಡಿ ಬಂದೆ. ನಡುವೆ ಒಂದು ಕಡೆ ಕಬ್ಬಿನಹಾಲಿನ ಅಂಗಡಿ ಮುಂದೆ ಕುಂತಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹಾಗಾಗಿ ಆಸ್ಪತ್ರೆಯ ದಿನಗಳಲ್ಲಿ ಜೊತೆಗಿದ್ದವರಿಗೆ ಕೈಮುಗಿಯುವ ಈ ಬರಹ ಮುಂದಕ್ಕೆ ಹಾಕಲು ಇನ್ನು ನೆವ ಉಳಿದಿಲ್ಲ.

ಏನಾಗಿತ್ತು, ಎಷ್ಟು ದಿನ ಮಲಗಿದ್ದೆ ಎಂಬುದೆಲ್ಲ ನಿಮಗೆ ಗೊತ್ತು. ನಿಮ್ಮಲ್ಲಿ ಅರ್ಧ ಜನ ನನ್ನ ಸ್ಕ್ಯಾನಿಂಗ್ ರಿಪೋರ್ಟನ್ನು ನನಗಿಂತ ಮೊದಲೇ ವಾಟ್ಸಾಪಿನಲ್ಲಿ ನೋಡಿದ್ದೀರಿ. (ಯಾರು ಹಾಕಿದ್ದು ಅಂತಲೂ ಗೊತ್ತಾಗಿದೆ. ಅವನ ಲೆಕ್ಕ ಬೇರೆ ದಿನ.) ಹೊಟ್ಟೆಯದು, ಅಷ್ಟೇ. ಕೆಲವರು ಪಿಸುಮಾತಿನಲ್ಲಿ ಕೇಳಿದ ‘ಅದು’, ಅಂದರೆ ಎಚ್‌ಐವಿ, ಅಲ್ಲ. ಆಗಿದ್ದರೂ ತಲೆ ತಗ್ಗಿಸುವಂಥದ್ದೇನಿರಲಿಲ್ಲ. ದಿನಕ್ಕೊಂದು ಗುಳಿಗೆ ತಪ್ಪದೆ ನುಂಗಿದರೆ ಎಲ್ಲರ ಹಾಗೆ ಬದುಕಬಹುದು ಅಂತ ಹನ್ನೆರಡು ವರ್ಷದಿಂದ ಊರೂರು ಸುತ್ತಿ ಹೇಳಿದವನೇ ನಾನು. ಆದರೂ ನಮ್ಮವರೇ ಮೊದಲು ಅದನ್ನು ಕೇಳಿದ್ದು ಹೊಲಿಗೆಗಿಂತ ಜಾಸ್ತಿ ಚುಚ್ಚಿತು.

ಕೆಳಗೆ ಯಾರ ಹೆಸರೂ ಇಲ್ಲ. ತಾವು ಗಂಡಸರನ್ನು ಬಯಸುವ ಗಂಡಸರು ಅಂತ ಮನೆಯಲ್ಲಿ ಇನ್ನೂ ಹೇಳಿಕೊಳ್ಳದವರು, ಮದುವೆಯಾಗಿ ಮಕ್ಕಳಿರುವವರು, ನನ್ನ ಜೊತೆ ಹೆಸರು ಕೇಳಿಬಂದರೆ ನೌಕರಿಗೆ ಕುತ್ತು ಬರುವವರು ಇದರಲ್ಲಿದ್ದಾರೆ. ಋಣ ತೀರಿಸುತ್ತೇನೆಂದು ಹೆಸರು ಹಾಕಿ ಇನ್ನಷ್ಟು ಸಾಲ ಹೊರಲಾರೆ. ಓದಿದವರಿಗೆ ತಮ್ಮದು ಯಾವ ಸಾಲು ಅಂತ ಗೊತ್ತಾಗುತ್ತದೆ.

ಒಂದು ಪೈಸೆ ಮುಟ್ಟದೆ ರಾತ್ರಿಯಿಡೀ ಆಟೋ ನಿಲ್ಲಿಸಿಕೊಂಡು ಕುಂತ ಅಣ್ಣ, ರಜೆಯಲ್ಲಿದ್ದರೂ ನಾಲ್ಕು ಕಡೆ ಫೋನ್ ಮಾಡಿದ ಐಸಿಟಿಸಿಯ (ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರದ) ಕೌನ್ಸಿಲರ್ ಮೇಡಂ, ಎರಡು ತಿಂಗಳ ಬಾಡಿಗೆ ಕೇಳದ ಮನೆ ಮಾಲೀಕರು, ಐವತ್ತು ರೂಪಾಯಿ ಫೋನ್‌ಪೇ ಮಾಡಿ ‘ಸಾರಿ ಅಣ್ಣಾ, ಇಷ್ಟೇ ಐತಿ’ ಅಂತ ಬರೆದ ರಾಯಚೂರಿನ ಹುಡುಗ, ರೊಟ್ಟಿ ಬುತ್ತಿ ಕಳಿಸಿದ ಭಾಗ್ಯನಗರದ ಅಕ್ಕಂದಿರು: ನಿಮಗೆಲ್ಲ ಕೈಮುಗಿದೆ.

ಮೊದಲು ಹೋದ ಆಸ್ಪತ್ರೆಯ ವಿಷಯ ಬರೆಯಬಾರದು ಅಂತಿದ್ದೆ. ಆದರೆ ಅದರ ಕಥೆ ಈಗಾಗಲೇ ಬಣ್ಣ ಹಚ್ಚಿಕೊಂಡು ತಿರುಗುತ್ತಿದೆ, ಅದಕ್ಕೆ ನಡೆದದ್ದಿಷ್ಟು. ಆಧಾರ್ ಕಾರ್ಡ್ ತೆಗೆಯಲು ನಮ್ಮ ಹುಡುಗ ಕೌಂಟರ್ ಮೇಲೆ ನನ್ನ ಚೀಲ ಸುರುವಿದ. ಫೀಲ್ಡಿನ ಚೀಲ ಅದು. ನಿರೋಧ್ ಪ್ಯಾಕೆಟ್ ಬಿದ್ದವು, ಫ್ಲಿಪ್ ಚಾರ್ಟ್ ಬಿತ್ತು, ಕೊನೆಗೆ ನಿರೋಧ್ ಹಾಕುವ ಡೆಮೊ ತೋರಿಸುವ ಕಟ್ಟಿಗೆಯ ಮಾಡೆಲ್ ಟಣ್ ಅಂತ ಬಿದ್ದು, ಉರುಳಿ ಉರುಳಿ ಹೋಗಿ ಕುರ್ಚಿಯಲ್ಲಿದ್ದ ಒಬ್ಬ ಹಿರಿಯರ ಚಪ್ಪಲಿಗೆ ತಾಗಿ ನಿಂತಿತು. ಐದು ನಿಮಿಷದ ಹಿಂದೆ ಇದ್ದ ಬೆಡ್ ಆಮೇಲೆ ಇಲ್ಲವಾಯಿತು. ಎಚ್‌ಐವಿ ಇದೆಯೆಂದೂ ಯಾರಿಗೂ ಚಿಕಿತ್ಸೆ ನಿರಾಕರಿಸುವಂತಿಲ್ಲ, 2017ರಲ್ಲಿ ಅದಕ್ಕೆಂದೇ ಕಾಯ್ದೆ ಆಗಿದೆ. ನೂರಾರು ಜನರ ಮುಂದೆ ಆ ಕಾಯ್ದೆ ವಿವರಿಸಿದ ನಾನು ಅವತ್ತು ಹೊಟ್ಟೆ ಹಿಡಿದುಕೊಂಡು ಆ ಮಾಡೆಲ್ಲನ್ನೇ ನೋಡುತ್ತ ಕುಂತಿದ್ದೆ. ಬಾಯಿಯಿಂದ ಒಂದು ಕಲಮೂ ಹೊರಡಲಿಲ್ಲ.

‘ಕಿನ್ನಾಳದ ಕಟ್ಟಿಗಿ ಗೊಂಬಿ ಅನ್ನಬೇಕಿತ್ತಲೇ, ನಂಬತಿದ್ರು’ ಅಂತ ಆಮೇಲೆ ದೊಡ್ಡವ್ವ ಹೇಳಿದಳು. ನಗು ತಡೆಯಲಾಗದೆ ಹೊಲಿಗೆ ನೋಯಿಸಿಕೊಂಡೆ.

ಗಂಗಾವತಿಯಿಂದ ಬೈಕಿನಲ್ಲಿ ಬಂದ ಇಬ್ಬರಿಗೆ ಬೇರೆಯಾಗಿಯೇ ಬರೆಯಬೇಕು. ರಕ್ತ ಬೇಕಾಗಬಹುದು ಅಂದ ಕೂಡಲೇ ಸ್ವೆಟರ್ ಸಹ ಹಾಕಿಕೊಳ್ಳದೆ ಹೊರಟವರು. ಬ್ಲಡ್ ಬ್ಯಾಂಕಿನಲ್ಲಿ ಒಂದು ಫಾರ್ಮ್ ಕೊಟ್ಟರು. 2017ರ ರಕ್ತದಾನಿಗಳ ಮಾರ್ಗಸೂಚಿ ನಮ್ಮಂಥವರನ್ನು, ಟ್ರಾನ್ಸ್‌ಜೆಂಡರ್ ಜನರನ್ನು, ಗಂಡಸರ ಜೊತೆ ಸಂಬಂಧ ಇರುವ ಗಂಡಸರನ್ನು, ಪಟ್ಟಿ ಮಾಡಿ ಕಾಯಂ ಆಗಿ ಹೊರಗಿಟ್ಟಿದೆ. ಸುಪ್ರೀಂ ಕೋರ್ಟಿನಲ್ಲಿ ಅದನ್ನು ಪ್ರಶ್ನಿಸಿದ್ದಾರೆ ಅಂತ ಮೀಟಿಂಗಿನಲ್ಲಿ ನಾನೇ ಹೇಳಿದ್ದೆ, ಅದು ನನ್ನ ಬಾಗಿಲಿಗೇ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ಇಬ್ಬರಲ್ಲಿ ದೊಡ್ಡವನು ಇದ್ದದ್ದು ಇದ್ದಹಾಗೆ ಬರೆದ. ಎದ್ದು ಬಾ ಅಂದರು. ಸಣ್ಣವನು ಸುಳ್ಳು ಬರೆಯಲು ತಯಾರಿದ್ದ, ದೊಡ್ಡವನೇ ಬಿಡಲಿಲ್ಲವಂತೆ. ತಿಂಗಳ ಹಿಂದಷ್ಟೇ ಪರೀಕ್ಷೆ ಮಾಡಿಸಿ, ನೆಗೆಟಿವ್ ಅಂತ ಚೀಟಿ ಜೇಬಿನಲ್ಲಿಟ್ಟುಕೊಂಡವರು. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲ ಅಂತ 377ರ ತೀರ್ಪು ಬಂದಾಗ ಹೊಸಪೇಟೆಯಿಂದ ಪೇಢೆ ತಂದು ಬಸ್‌ಸ್ಟ್ಯಾಂಡಿನಲ್ಲಿ ಗುರುತು ಪರಿಚಯ ಇಲ್ಲದವರಿಗೂ ಹಂಚಿದ್ದು ಇದೇ ದೊಡ್ಡವನು. ಕಡೆಗೆ ರಕ್ತ ಕೊಟ್ಟದ್ದು ಆಟೋ ಅಣ್ಣ. ತಮ್ಮಂದಿರಾ, ನಿಮ್ಮ ರಕ್ತ ನನ್ನ ಮೈಯಲ್ಲಿ ಇಲ್ಲ. ಕೊಡಲು ಬಂದಿದ್ದಿರಿ, ಅದು ನನಗೆ ಗೊತ್ತು.

ಇನ್ನು ದೊಡ್ಡವ್ವ. ಆಕೆ ಜೋಗತಿ, ಗಂಡಾಗಿ ಹುಟ್ಟಿ, ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟಾಕೆ.

ಹುಲಿಗೆಮ್ಮನ ಗುಡಿಗೆ ಹೋದವರು ಆಕೆಯನ್ನು ನೋಡಿರುತ್ತೀರಿ: ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹೊಳೆಗೆ ಇಳಿಯುವ ದಾರಿಯಲ್ಲಿ ದೇವಿಯ ಬುಟ್ಟಿ, ಪಡಲಗಿ, ಇಟ್ಟುಕೊಂಡು ಕುಂತಿರುತ್ತಾಳೆ. ಹಣೆ ತುಂಬ ಭಂಡಾರ, ಬಾಯಿ ತುಂಬ ಎಲೆ ಅಡಿಕೆ. ಮೊದಲ ಸಲ ನಾನು ಆರೋಗ್ಯ ತಪಾಸಣೆ ಅಂತ ಹೋದಾಗ ‘ತಾಯಿ ಮುತ್ತು ಕಟ್ಟಿಸಿಕೊಂಡಾಕಿ ಮುಂದ ಇದನ್ನೆಲ್ಲ ತೆಗಿತಿಯೇನಲೇ’ ಅಂತ ಬೈದು ಓಡಿಸಿದ್ದಳು. ಮಾತಿಗೆ ಕೂರಿಸಲು ಎರಡು ವರ್ಷ ಹಿಡಿಯಿತು. ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿಗೆ ಇನ್ನೊಂದು ವರ್ಷ. ‘ದೇವಿನ ಗುರುತು ಹಿಡದಾಳ, ಡಿಸಿ ಏನ್ ಗುರುತು ಕೊಡೋದು’ ಅನ್ನುತ್ತಿದ್ದಳು. ಆಗಿನ 2020ರ ನಿಯಮದಲ್ಲಿ ಅಫಿಡವಿಟ್ ಸಾಕು, ಯಾವ ಡಾಕ್ಟರ ಮುಂದೂ ಸೀರೆ ಬಿಚ್ಚಬೇಕಿಲ್ಲ ಅಂತ ಓದಿ ಹೇಳಿದ ಮೇಲೆ ಒಪ್ಪಿದಳು. ಫೋಟೋ ಚೆನ್ನಾಗಿ ಬಂದಿಲ್ಲ ಅಂತ ಇವತ್ತಿಗೂ ಸಿಟ್ಟಿದೆ.

ಸೀಗಿ ಹುಣ್ಣಿಮೆಯ ಮುಂದಿನ ವಾರ, ಎರಡನೇ ಆಸ್ಪತ್ರೆಯಲ್ಲಿ ಆಪರೇಶನ್ ಕಾಗದಕ್ಕೆ ಸಂಬಂಧಿಕರ ಸಹಿ ಬೇಕು ಅಂದರು. ನನ್ನ ಅಣ್ಣನಿಗೆ ಫೋನ್ ಹಚ್ಚಿದರು. ಎತ್ತಿದ, ಕೇಳಿಸಿಕೊಂಡ, ‘ನೀವೇ ನೋಡಿಕೊಳ್ರಿ’ ಅಂದ. ಮತ್ತೆ ಹಚ್ಚಿದಾಗ ಸ್ವಿಚ್ ಆಫ್. ಅಣ್ಣ ಮೂರನೇ ದಿನ ಬಂದ, ಬಾಗಿಲಲ್ಲಿ ನಿಂತ, ಎಳನೀರು ಇಟ್ಟು ಹೋದ. ಅವನ ಮೇಲೆ ಬೇಸರ ಇಲ್ಲ ಅಂದರೆ ಸುಳ್ಳಾಗುತ್ತದೆ. ಬಂದನಲ್ಲ ಎಂಬ ಸಮಾಧಾನವೂ ಸುಳ್ಳಲ್ಲ.

ಆ ಹೊತ್ತಿಗೆ ದೊಡ್ಡವ್ವ ಬಂದಿದ್ದಳು. ಸುದ್ದಿ ಹೇಗೆ ಮುಟ್ಟಿತೋ, ಯಾವ ಲಾರಿ ಹತ್ತಿದಳೋ, ಕೇಳಿದರೆ ‘ಬಂದೆ’ ಅನ್ನುತ್ತಾಳೆ ಅಷ್ಟೇ. ಡ್ಯೂಟಿ ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಸಹಿ ನೀವು ಮಾಡ್ತೀರಾ, ತಾಯಿ ಅಂತ ಬರ್ಕೊಳ್ಳಲಾ ಅಂತ ಕೇಳಿದರು. ನಾನಾಗಿದ್ದರೆ ಹೂಂ ಅಂದು ಮುಗಿಸುತ್ತಿದ್ದೆ. ಇಷ್ಟು ವರ್ಷ ಎಷ್ಟೋ ಜನರನ್ನು ಆಸ್ಪತ್ರೆಗೆ ಸೇರಿಸುವಾಗ ಆ ಕಾಲಂನಲ್ಲಿ ತಮ್ಮ, ಕಾಕಾನ ಮಗ, ಮಾವ ಅಂತ ಸುಳ್ಳು ಸುಳ್ಳು ಬರೆದವನು ನಾನು. ಗೆಳೆಯ ಅಂತ ಬರೆದರೆ ನಡೆಯುವುದಿಲ್ಲವಲ್ಲ. ದೊಡ್ಡವ್ವ ಹೇಳಿದ್ದು: ‘ಹಡದಾಕಿ ಬ್ಯಾರೆ ಅದಾಳ್ರಿ, ಮ್ಯಾಲ ಹೋಗ್ಯಾಳ. ಆಕಿ ಜಾಗದಾಗ ನನ್ನ ಬರೀಬ್ಯಾಡ್ರಿ. ಜೊತಿಗೆ ಇರಾಕಿ ಅಂತ ಬರೀರಿ.’ ಆ ಡಾಕ್ಟರ್ ಒಂದು ಕ್ಷಣ ಪೆನ್ನು ಹಿಡಿದುಕೊಂಡೇ ನಿಂತರು. ಆಮೇಲೆ ಹಾಗೆಯೇ ಬರೆದರು. ಕೆಳಗೆ ನನ್ನ ಸೊಟ್ಟ ಸಹಿ, ಅದರ ಪಕ್ಕ ದೊಡ್ಡವ್ವನ ಹೆಬ್ಬೆಟ್ಟು. ಹೆಬ್ಬೆರಳಿಗೆ ಭಂಡಾರ ಹತ್ತಿತ್ತೇನೋ, ನೀಲಿ ಮಸಿಯ ಅಂಚಿಗೆ ಹಳದಿ ಕಾಣುತ್ತಿತ್ತು.

ಒಳಗೆ ಒಯ್ಯುವಾಗ ಸ್ಟ್ರೆಚರ್ ನಿಲ್ಲಿಸಿ ಸೆರಗಿನಿಂದ ದೃಷ್ಟಿ ತೆಗೆದಳು. 2021ರ ನವೆಂಬರಿನಲ್ಲಿ ಪದ್ಮಶ್ರೀ ತಗೊಳ್ಳುವಾಗ ನಮ್ಮ ಮಂಜಮ್ಮ ಜೋಗತಿಯವರು ರಾಷ್ಟ್ರಪತಿಗಳಿಗೆ ತೆಗೆದದ್ದನ್ನು ಟಿವಿಯಲ್ಲಿ ನೋಡಿದ್ದಿರಲ್ಲ, ಅದೇ. ವ್ಯತ್ಯಾಸ ಇಷ್ಟೇ, ಇಲ್ಲಿ ವಾರ್ಡ್‌ಬಾಯ್ ‘ಲಗು ಲಗು’ ಅಂತಿದ್ದ.

ರಾತ್ರಿ ಶುರುವಾಯ್ತು ನೋಡಿ ತಕರಾರು. ಗಂಡಸರ ವಾರ್ಡಿನಲ್ಲಿ ರಾತ್ರಿ ಹೆಂಗಸರು ಇರುವಂತಿಲ್ಲ ಅಂತ ಗಾರ್ಡು ಹೊರಗೆ ಕಳಿಸಿದ. ಹೆಂಗಸರು ಮಲಗುವ ಕೋಣೆಗೆ ಹೋದರೆ ಅಲ್ಲಿದ್ದವರು ಗಂಡಸು ಬಂತು ಅಂತ ಕೂಗಾಡಿ ಹೊರಗೆ ಹಾಕಿದರು. ಸ್ವಲ್ಪ ಹೊತ್ತು ಪೋರ್ಚಿನಲ್ಲಿ ನಿಂತಿದ್ದು ವಾಪಸ್ ಬಂದಳು. ಎಲೆ ಚೀಲದಿಂದ ಆ ಗುರುತಿನ ಚೀಟಿ ತೆಗೆದು ಗಾರ್ಡಿನ ಮೂಗಿಗೆ ಹಿಡಿದಳಂತೆ. ‘ಓದಪ. ಡಿಸಿ ಸಾಹೇಬ್ರು ಕೊಟ್ಟದ್ದು. ಹೆಂಗಸು ಅಂತ ಎಲ್ಲೆರ ಐತೇನು? ಇಲ್ಲ. ನಿನ್ನ ರೂಲು ಹೆಂಗಸರಿಗೆ. ಸರಿ.’ ಆಟೋ ಅಣ್ಣ ಇದನ್ನು ಅಭಿನಯ ಮಾಡಿ ತೋರಿಸುತ್ತಾನೆ, ಕೇಳಿ ನೋಡಿ. 2014ರಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗ ಅಂತ ಮಾನ್ಯ ಮಾಡಿದ್ದನ್ನು ನಾನು ತರಬೇತಿಗಳಲ್ಲಿ ಮುಕ್ಕಾಲು ತಾಸು ವಿವರಿಸುತ್ತೇನೆ. ಗಾರ್ಡು ಆಕೆಯ ಮಾತಿಗೆ ಅರ್ಧ ನಿಮಿಷದಲ್ಲಿ ದಾರಿ ಬಿಟ್ಟ.

ಮಂಚದ ಕಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಂತಳು. ನಿದ್ದೆ ಬಂದರೆ ಗೊತ್ತಾಗಬೇಕು ಅಂತ ಸೆರಗಿನ ತುದಿಯನ್ನು ನನ್ನ ಮಣಿಕಟ್ಟಿಗೆ ಗಂಟು ಹಾಕಿದಳು. ಸಲೈನ್ ಹಚ್ಚದ ಕೈಗೆ. ನಾನು ಹೊರಳಿದರೆ ಸೆರಗು ಜಗ್ಗುತ್ತಿತ್ತು, ‘ಏನಪಾ’ ಅನ್ನುತ್ತಿದ್ದಳು. ಪಕ್ಕದ ಮಂಚದವರು ತಮ್ಮ ಸ್ಟೂಲು, ಚೀಲ ಎಲ್ಲ ಆಚೆ ಸರಿಸಿಕೊಂಡರು. ಬೆಳಿಗ್ಗೆ ಅವರ ಮನೆಯ ಹೆಂಗಸೇ ಕೂಸನ್ನು ಎತ್ತಿಕೊಂಡು ಬಂದು ಭಂಡಾರ ಹಚ್ಚಿಸಿಕೊಂಡು ಹೋದಳು, ಆ ಮಾತು ಬೇರೆ. ಜೋಗತಿಯರ ಕಾಲಿಗೆ ಬೀಳುವ ಜನ ಬಾಡಿಗೆ ಮನೆ ಕೊಡುವುದಿಲ್ಲ. ನನ್ನಂಥ ಕೋತಿಗಳಿಗೆ (ಹೆಣ್ಣಿನ ಭಾವ ಇರುವ, ಗಂಡಸರನ್ನು ಬಯಸುವ ಗಂಡಸರಿಗೆ ನಮ್ಮವರು ಹೇಳುವ ಹೆಸರು) ಮೊದಲನೆಯದೂ ಇಲ್ಲ ಬಿಡಿ.

ಮೂರು ಗಂಟೆಯ ಸುಮಾರಿಗೆ ಜ್ವರ ಏರಿತು. ಇದನ್ನು ಬರೆಯಲೋ ಬೇಡವೋ ಅಂತ ಮೂರು ಸಲ ಅಳಿಸಿದ್ದೇನೆ. ಪ್ರಾಜೆಕ್ಟ್ ನಿಂತು, ನಾನು ಕೆಲಸ ಮಾಡುತ್ತಿದ್ದ ಕೇಂದ್ರ ಮುಚ್ಚಿದ ಏಳು ತಿಂಗಳಲ್ಲಿ ನಮ್ಮ ಇಬ್ಬರು ಹೋದರು. ಯಾಕೆ ಅಂತ ಇಲ್ಲಿ ಬರೆಯುವುದಿಲ್ಲ. ನಾನು ಹೋಗಿ ಬಾಗಿಲು ಬಡಿಯಬೇಕಿತ್ತು. ಪ್ರಾಜೆಕ್ಟ್ ಇಲ್ಲ, ಗೌರವಧನ ಇಲ್ಲ, ನನಗ್ಯಾಕೆ ಅಂತ ಮನೆಯಲ್ಲಿ ಕುಂತಿದ್ದೆ. ಅವರಲ್ಲಿ ಒಬ್ಬ ಸಾಯುವ ನಾಲ್ಕು ದಿನ ಮುಂಚೆ ಮಿಸ್ಡ್ ಕಾಲ್ ಕೊಟ್ಟಿದ್ದ, ನಾನು ತಿರುಗಿ ಹಚ್ಚಿರಲಿಲ್ಲ. ಆ ರಾತ್ರಿ ದೊಡ್ಡವ್ವನಿಗೆ ಇದನ್ನೆಲ್ಲ ಹೇಳಿದೆ. ನಾನು ಏಳದಿದ್ದರೂ ಚಿಂತೆಯಿಲ್ಲ, ಸಾಕಾಗಿದೆ ಅಂತಲೂ ಹೇಳಿದೆ.

ಆಕೆ ಹಂಗನ್ನಬೇಡ ಅನ್ನಲಿಲ್ಲ. ದೇವರು ದೊಡ್ಡವನು ಅನ್ನಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: ‘ಮಂಗಳವಾರ ನನ್ನ ಗುಳಿಗಿ ಯಾರು ಎಣಿಸ್ತಾರ?’

(ಬಿಪಿ ಗುಳಿಗೆ. ಬೇರೆ ಲೆಕ್ಕ ಹಾಕಬೇಡಿ. ಅಕ್ಷರ ಬಾರದ ಆಕೆಗೆ ವಾರದ ಡಬ್ಬಿ ತುಂಬಿಕೊಡುವುದು ನನ್ನ ಕೆಲಸ. ಕೇಳಿಯೇ ಬರೆದಿದ್ದೇನೆ.)

ಆಮೇಲೆ ಮಾತಿಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಎರಡು ಬೆರಳಿನಲ್ಲಿ, ಚೌಡಿಕೆ ಮೀಟಿದ ಹಾಗೆ, ಪದದ ಧಾಟಿ ಹಿಡಿದಳು. ಗಂಟಲು ತೆರೆಯಲಿಲ್ಲ, ಬರೇ ತಾಳ. ನರ್ಸಮ್ಮ ಬಂದು ಜ್ವರ ನೋಡಿದರು, ಇಂಜೆಕ್ಷನ್ ಕೊಟ್ಟರು, ‘ಅವ್ವಾ ಸ್ವಲ್ಪ ಮೆಲ್ಲಕೆ’ ಅಂದರೇ ಹೊರತು ನಿಲ್ಲಿಸು ಅನ್ನಲಿಲ್ಲ. ಅವರಿಗೂ ನನ್ನ ನಮಸ್ಕಾರ. ನನಗೆ ಯಾವಾಗ ನಿದ್ದೆ ಬಂತೋ ತಿಳಿಯದು. ಎಚ್ಚರಾದಾಗ ಬೆಳಕಾಗಿತ್ತು, ದೊಡ್ಡವ್ವ ಕುಂತಲ್ಲೇ ಗೊರಕೆ ಹೊಡೆಯುತ್ತಿದ್ದಳು, ಸೆರಗಿನ ಗಂಟು ಹಾಗೇ ಇತ್ತು. ನೀರು ಬೇಕಿತ್ತು. ಕೈ ಅಲುಗಿಸಿದರೆ ಏಳುತ್ತಾಳಲ್ಲ ಅಂತ ಸುಮ್ಮನೆ ಮಲಗಿದ್ದೆ.

ಈಗ ಕೆಲಸದ ಮಾತು. ಕೇಂದ್ರದ ಹಳೇ ರೂಮಿನ ಬಾಗಿಲು ಮತ್ತೆ ತೆಗೆದಿದ್ದೇವೆ. ಪ್ರಾಜೆಕ್ಟ್ ಬಂದಿಲ್ಲ, ಸಂಬಳವೂ ಇಲ್ಲ, ಗುರುವಾರ ಸಂಜೆ ನಾಲ್ಕರಿಂದ ಏಳರವರೆಗೆ ಮಾತ್ರ. ಪರೀಕ್ಷೆ ನಾವು ಮಾಡುವುದಿಲ್ಲ, ಸರ್ಕಾರಿ ಐಸಿಟಿಸಿಗೆ ಜೊತೆಗೆ ಬರುತ್ತೇವೆ. ಅಲ್ಲಿ ಪುಕ್ಕಟೆ, ನಿಮ್ಮ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ, ಫಲಿತಾಂಶ ಗುಟ್ಟಾಗಿರುತ್ತದೆ. ಹಿಂದಿನ ಪರೀಕ್ಷೆ ಆಗಿ ಆರು ತಿಂಗಳು ದಾಟಿದವರು ಮೊದಲು ಬನ್ನಿ, ಸಿಫಿಲಿಸ್ ಪರೀಕ್ಷೆಯನ್ನೂ ಸೇರಿಸಿ. ಭಯಪಡುವಂಥದ್ದೇನಾದರೂ ನಡೆದಿದ್ದರೆ ಗುರುವಾರದ ತನಕ ಕಾಯಬೇಡಿ. ಎಚ್‌ಐವಿ ಸೋಂಕು ತಗಲದಂತೆ ತಡೆಯುವ ಪಿಇಪಿ ಔಷಧಿ 72 ತಾಸಿನೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ನಡುರಾತ್ರಿಯಾದರೂ ಫೋನ್ ಹಚ್ಚಿ. ಮಿಸ್ಡ್ ಕಾಲ್ ಕೊಟ್ಟರೂ ಸಾಕು. ತಿರುಗಿ ಹಚ್ಚುತ್ತೇನೆ.

ಒಂದು ಬಾಕಿ ಉಳಿದಿದೆ. ಆಸ್ಪತ್ರೆಯ ಅಟೆಂಡರ್ ಪಾಸಿಗೆ ನೂರು ರೂಪಾಯಿ ಠೇವಣಿ ಇತ್ತು. ಡಿಸ್ಚಾರ್ಜ್ ದಿನ ಪಾಸ್ ಎಲ್ಲಿ ಅಂದರೆ ದೊಡ್ಡವ್ವ ಕಳೆದಿದೆ ಅಂದಳು, ದುಡ್ಡು ಹೋಯಿತು. ಹೋದ ಮಂಗಳವಾರ ಇಬ್ಬರೂ ಹುಲಿಗಿ ಬಸ್ಸಿನಲ್ಲಿದ್ದೆವು. ಶಕ್ತಿ ಯೋಜನೆಯ ಟಿಕೆಟ್ ಕೊಡಲು ಕಂಡಕ್ಟರ್ ಕಾರ್ಡ್ ಕೇಳಿದರು. ಎಲೆ ಚೀಲಕ್ಕೆ ಕೈ ಹಾಕಿದಳು, ಸುಣ್ಣದ ಡಬ್ಬಿ ಬಂತು, ಆಮೇಲೆ ನಾಲ್ಕು ಮಡಿಕೆ ಹಾಕಿದ ಆ ಪಾಸ್ ಬಂತು. ಕಂಡಕ್ಟರ್ ಬಿಚ್ಚಿ ಓದಿ ‘ಇದೇನ್ರಿ ಇದು, ಜೊತೆಗಿರುವವರು?’ ಅಂದರು. ‘ಅದಲ್ಲಪ, ಇನ್ನೊಂದೈತಿ ತಡಿ’ ಅಂತ ಕಸಿದುಕೊಂಡು, ನನ್ನ ಕಡೆ ನೋಡದೆ, ಮತ್ತೆ ಚೀಲದೊಳಗೆ ಇಟ್ಟಳು.