ಉಡಾವಣೆ ಇಲ್ಲದ ತಿಂಗಳುಗಳಿಗಾಗಿ: ಕರ್ನಾಟಕದ ಲೋಕಸಭಾ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲ ಮುಟ್ಟಿದಾಗ ಎಲ್ಲ ಪಕ್ಷಗಳವರೂ ಇಸ್ರೋವನ್ನು ಅಭಿನಂದಿಸಿದರು. ಅದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಅದೇ ಹಣಕಾಸು ವರ್ಷದ ಇನ್ನೊಂದು ಸಂಗತಿಯನ್ನು ನಿಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. 2023–24ರ ಬಜೆಟ್‌ನಲ್ಲಿ ಬಾಹ್ಯಾಕಾಶ ಇಲಾಖೆಗೆ ಸುಮಾರು 12,544 ಕೋಟಿ ರೂಪಾಯಿ ತೋರಿಸಲಾಗಿತ್ತು. ವರ್ಷದ ನಡುವೆ ಲೆಕ್ಕವನ್ನು ತಿದ್ದಿ ಸಿದ್ಧಪಡಿಸುವ ಪರಿಷ್ಕೃತ ಅಂದಾಜಿನ ಹೊತ್ತಿಗೆ ಅದು 11,070 ಕೋಟಿಗೆ ಇಳಿದಿತ್ತು. ಅದಕ್ಕೂ ಹಿಂದಿನ ವರ್ಷ 13,700 ಕೋಟಿ ಇದ್ದದ್ದು 10,530 ಕೋಟಿಯಾಗಿತ್ತು. ಈ ಎರಡು ವರ್ಷಗಳಲ್ಲಿ ಕಾಗದದ ಮೇಲೆ ಕಾಣಿಸಿ ಮರೆಯಾದ ಮೊತ್ತದಲ್ಲಿ, 615 ಕೋಟಿಯ ಚಂದ್ರಯಾನ–3ರಂಥ ಏಳು ಯೋಜನೆಗಳನ್ನು ಕೈಗೊಳ್ಳಬಹುದಿತ್ತು.

ಇದನ್ನು ನೇರವಾಗಿ ಕಡಿತ ಎಂದು ಕರೆಯುವುದು ಸರಿಯಲ್ಲ. ರಾಕೆಟ್ ಸಿದ್ಧವಾಗುವುದು ತಡವಾದರೆ, ಖರೀದಿ ಮುಂದಕ್ಕೆ ಹೋದರೆ, ಪರೀಕ್ಷೆ ಮತ್ತೆ ನಡೆಸಬೇಕಾಗಿ ಬಂದರೆ ಆ ವರ್ಷದ ಹಣ ಆ ವರ್ಷವೇ ಖರ್ಚಾಗುವುದಿಲ್ಲ. ಆದರೆ ಇಲಾಖೆ ಖರ್ಚು ಮಾಡಲಾರದೆ ಉಳಿಸಿದ್ದೆಷ್ಟು, ಹಣಕಾಸು ಸಚಿವಾಲಯ ಕೈಬಿಗಿ ಹಿಡಿದದ್ದೆಷ್ಟು ಎಂಬ ಪ್ರಶ್ನೆಗೆ ಲೋಕಸಭೆಯಲ್ಲಿ ಉತ್ತರ ಸಿಗಬೇಕು, ಮತ್ತು ಅದನ್ನು ಕೇಳುವ ಅಧಿಕಾರ ನನಗಿಲ್ಲ, ನಿಮಗಿದೆ. ಬಹಳಷ್ಟು ಇಲಾಖೆಗಳ ಅನುದಾನ ಬೇಡಿಕೆಗಳು ಚರ್ಚೆಯೇ ಇಲ್ಲದೆ ಗಿಲೊಟಿನ್ ಮೂಲಕ ಒಟ್ಟಾಗಿ ಅಂಗೀಕಾರವಾಗುತ್ತವೆ ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು?

ಕರ್ನಾಟಕದ ಸದಸ್ಯರಿಗೇ ಇದನ್ನು ಬರೆಯಲು ಕಾರಣವಿದೆ. ದೇಶದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ. ಇಂದಿಗೂ ಭೂಸ್ಥಿರ ಉಪಗ್ರಹಗಳ ನಿಯಂತ್ರಣ ಹಾಸನದಿಂದ ನಡೆಯುತ್ತದೆ, ಚಂದ್ರನಾಚೆಯ ನೌಕೆಗಳ ಕ್ಷೀಣ ಸಂಕೇತಗಳನ್ನು ಬೆಂಗಳೂರು ಬಳಿಯ ಬ್ಯಾಲಾಳಿನ 32 ಮೀಟರ್ ವ್ಯಾಸದ ಆಂಟೆನಾ ಹಿಡಿಯುತ್ತದೆ. ಇವೆಲ್ಲ ಕಟ್ಟಲ್ಪಟ್ಟದ್ದು ಒಂದು ದಿನದ ಉತ್ಸಾಹದಿಂದಲ್ಲ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ಇಸ್ರೋ ಅಧ್ಯಕ್ಷರಾಗಿದ್ದಾಗ 1987ರಲ್ಲಿ ಎಎಸ್‌ಎಲ್‌ವಿ ರಾಕೆಟ್ ಸಮುದ್ರಕ್ಕೆ ಬಿತ್ತು; 1988ರಲ್ಲಿ ಎರಡನೆಯದೂ ಬಿತ್ತು. 1993ರಲ್ಲಿ ಪಿಎಸ್‌ಎಲ್‌ವಿ ರಾಕೆಟ್‌ನ ಮೊದಲ ಹಾರಾಟವೂ ವಿಫಲವಾಯಿತು. ಅಂದು ದೇಶದ ಬೊಕ್ಕಸ ಇಂದಿನಷ್ಟು ಗಟ್ಟಿಯಾಗಿರಲಿಲ್ಲ, 1991ರ ವಿದೇಶಿ ವಿನಿಮಯದ ಬಿಕ್ಕಟ್ಟು ಬೇರೆ ಕಳೆದಿತ್ತು. ಆದರೂ ಅನುದಾನ ನಿಲ್ಲಲಿಲ್ಲ. 1994ರ ಅಕ್ಟೋಬರ್‌ನಲ್ಲಿ ಯಶಸ್ವಿಯಾದ ಅದೇ ಪಿಎಸ್‌ಎಲ್‌ವಿ ಮುಂದೆ ಚಂದ್ರಯಾನ–1 ಮತ್ತು ಮಂಗಳಯಾನ ಎರಡನ್ನೂ ಹೊತ್ತೊಯ್ದಿತು. ಅಂದಿನ ಸಂಸತ್ತು ತೋರಿದ ಆ ತಾಳ್ಮೆಯನ್ನೇ ನಾನು ನಿಮ್ಮಿಂದ ಕೇಳುತ್ತಿರುವುದು.

ರಸ್ತೆ ಗುಂಡಿ ಮುಚ್ಚಲು ದುಡ್ಡಿಲ್ಲ, ಚಂದ್ರನ ಗುಂಡಿ ಎಣಿಸುವುದೇಕೆ ಎಂದು ಕೇಳುವ ಮತದಾರರು ನಿಮ್ಮ ಕ್ಷೇತ್ರದಲ್ಲೂ ಇರುತ್ತಾರೆ. ಅವರ ಪ್ರಶ್ನೆಯನ್ನು ಹಗುರವಾಗಿ ನೋಡಬಾರದು. 2025–26ರಲ್ಲಿ ಕೇಂದ್ರ ಸರ್ಕಾರ ಖರ್ಚು ಮಾಡಲು ಹೊರಟ ಪ್ರತಿ ನೂರು ರೂಪಾಯಿಯಲ್ಲಿ ಬಾಹ್ಯಾಕಾಶ ಇಲಾಖೆಯ ಪಾಲು ಸುಮಾರು 26 ಪೈಸೆ ಎಂದು ಅವರಿಗೆ ಮೊದಲು ಹೇಳಿ. ಆಮೇಲೆ, 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳು ಕನ್ನಡದಲ್ಲಿ ತಲುಪಿದ್ದನ್ನು ನೆನಪಿಸಿ. ಸಮುದ್ರದಲ್ಲಿ ಮೀನು ಸಿಗಬಹುದಾದ ಜಾಗಗಳ ಮುನ್ಸೂಚನೆ ಇಂದು ಮೀನುಗಾರರಿಗೆ ಸಿಗುತ್ತಿರುವುದು ಉಪಗ್ರಹಗಳು ಅಳೆಯುವ ನೀರಿನ ಉಷ್ಣತೆ ಮತ್ತು ಬಣ್ಣದಿಂದ. 1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಅದೇ ಕರಾವಳಿಗೆ ಅಪ್ಪಳಿಸಿದಾಗ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು, ಸಾವು ಕೆಲವೇ ಡಜನ್‌ಗಳಿಗೆ ಸೀಮಿತವಾಯಿತು. ಇದರ ಪುಣ್ಯವೆಲ್ಲ ಉಪಗ್ರಹಕ್ಕೆ ಸೇರಿದ್ದಲ್ಲ; ಆಡಳಿತದ ದಕ್ಷತೆಯೂ ಅದರಲ್ಲಿದೆ. ಆದರೆ ಚಂಡಮಾರುತ ಕಣ್ಣಿಗೆ ಬೀಳದಿದ್ದರೆ ಆಡಳಿತ ಸ್ಥಳಾಂತರಿಸುವುದು ಯಾರನ್ನು?

ಒಂದು ಮಾತನ್ನು ಮಾತ್ರ ದಯವಿಟ್ಟು ಹೇಳಬೇಡಿ: ನಮ್ಮದು ಜಗತ್ತಿನಲ್ಲೇ ಅಗ್ಗದ ಬಾಹ್ಯಾಕಾಶ ಕಾರ್ಯಕ್ರಮ ಎಂಬ ಮಾತು. ಆಟೋ ಬಾಡಿಗೆಗಿಂತ ಕಡಿಮೆ ದರದಲ್ಲಿ ಮಂಗಳಕ್ಕೆ ಹೋದೆವು ಎಂದು ಹೇಳಿಕೊಳ್ಳುವುದು ಕೇಳಲು ಹಿತವಾಗಿದೆ, ಆದರೆ ಅದು ಮುಂದಿನ ಬಜೆಟ್‌ಗೆ ಉರುಳಾಗುತ್ತದೆ. ದೊಡ್ಡ ರಾಕೆಟ್ ಜಿಎಸ್‌ಎಲ್‌ವಿ ಆಗ ಸಿದ್ಧವಿರಲಿಲ್ಲವಾದ್ದರಿಂದ 450 ಕೋಟಿಯ ಮಂಗಳಯಾನ ಪಿಎಸ್‌ಎಲ್‌ವಿಯಲ್ಲಿ ಹೊರಡಬೇಕಾಯಿತು. ಅದರಲ್ಲಿದ್ದ ಐದು ವೈಜ್ಞಾನಿಕ ಉಪಕರಣಗಳ ಒಟ್ಟು ತೂಕ ಸುಮಾರು 15 ಕಿಲೋ ಮಾತ್ರ. ಅಷ್ಟರಲ್ಲಿ ಮಂಗಳದ ಕಕ್ಷೆ ಸೇರಿದ್ದು ವಿಜ್ಞಾನಿಗಳ ಜಾಣ್ಮೆ. ಅವರನ್ನು ಸದಾ ಅಷ್ಟರಲ್ಲೇ ಇಡುವುದು ಜಾಣ್ಮೆಯಲ್ಲ.

ನನಗೆ ಹೆಚ್ಚು ಆತಂಕವಿರುವುದು ಉಡಾವಣೆಯ ನಂತರದ ಕೆಲಸದ ಬಗ್ಗೆ. ಆದಿತ್ಯ–ಎಲ್1 ನೌಕೆಯಲ್ಲಿ ಸೂರ್ಯನ ಹೊರ ವಾತಾವರಣವಾದ ಕರೋನಾವನ್ನು ನೋಡುವ ಮುಖ್ಯ ಉಪಕರಣವನ್ನು ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಜೋಡಿಸಿದರು. 2024ರ ಜನವರಿ 1ರಂದು ಹಾರಿದ, ಬಾಹ್ಯಾಕಾಶದ ಎಕ್ಸ್-ಕಿರಣಗಳನ್ನು ಅಧ್ಯಯನ ಮಾಡುವ ಎಕ್ಸ್‌ಪೋಸ್ಯಾಟ್ ಉಪಗ್ರಹದ ಪೋಲಿಕ್ಸ್ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು. ಐದು ವರ್ಷಕ್ಕೆಂದು 2015ರಲ್ಲಿ ಕಳುಹಿಸಿದ ಖಗೋಳ ವೀಕ್ಷಣಾ ಉಪಗ್ರಹ ಆಸ್ಟ್ರೋಸ್ಯಾಟ್ ಆ ಅವಧಿ ಮುಗಿದ ಮೇಲೂ ದತ್ತಾಂಶ ಕಳುಹಿಸುತ್ತಲೇ ಇತ್ತು. ಈ ದತ್ತಾಂಶವೆಲ್ಲ ಬ್ಯಾಲಾಳಿನ ಕೇಂದ್ರದಲ್ಲಿ ಸೇರುತ್ತದೆ. ಅದನ್ನು ಕೂತು ಓದಿ ಅರ್ಥಮಾಡಿಕೊಳ್ಳುವ ಯುವಜನರಿಗೆ, ಮುಖ್ಯವಾಗಿ ಬೆಂಗಳೂರಿನಾಚೆಯ ಕಲಬುರಗಿ, ಧಾರವಾಡ, ಮಂಗಳೂರಿನ ವಿಶ್ವವಿದ್ಯಾಲಯಗಳಲ್ಲಿರುವವರಿಗೆ, ಫೆಲೋಶಿಪ್ ಸಕಾಲಕ್ಕೆ ಸಿಗದಿದ್ದರೆ ನೌಕೆ ಕಳುಹಿಸಿದ್ದರ ಅರ್ಧ ಫಲ ಗೋದಾಮಿನಲ್ಲೇ ಉಳಿಯುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಚಂದ್ರಯಾನ–4ಕ್ಕೆ 2,104 ಕೋಟಿ, ಶುಕ್ರಯಾನಕ್ಕೆ 1,236 ಕೋಟಿ ಮಂಜೂರು ಮಾಡಿತು. ಪ್ರತಿ ಯೋಜನೆಯ ಮೊತ್ತದಲ್ಲಿ ದತ್ತಾಂಶದ ಅಧ್ಯಯನಕ್ಕೆಂದು ಪ್ರತ್ಯೇಕ ಪಾಲು ಮೀಸಲಿಡುವಂತೆ ನೀವು ಒತ್ತಾಯಿಸಬೇಕು.

ಹಣ ಕೊಡಿ ಎನ್ನುವವನು ಲೆಕ್ಕವನ್ನೂ ಕೇಳಬೇಕು. 2025ರ ಮೇ 18ರಂದು ಪಿಎಸ್‌ಎಲ್‌ವಿ–ಸಿ61 ಮೂರನೇ ಹಂತದಲ್ಲಿ ಎಡವಿ ಭೂ ವೀಕ್ಷಣೆಯ ಇಒಎಸ್–09 ಉಪಗ್ರಹ ನಷ್ಟವಾಯಿತು. ರಾಕೆಟ್ ಬೀಳುವುದು ತಪ್ಪಲ್ಲ, ಆದರೆ ಬಿದ್ದದ್ದೇಕೆ ಎಂಬ ವಿವರವಾದ ವರದಿ, ರಕ್ಷಣಾ ರಹಸ್ಯಗಳನ್ನು ಬಿಟ್ಟು, ಪ್ರತಿ ವೈಫಲ್ಯದ ನಂತರವೂ ನಿಗದಿತ ಕಾಲದೊಳಗೆ ಸದನದ ಮುಂದೆ ಬರಬೇಕು. ತೆರಿಗೆ ಕಟ್ಟುವವನು ವೈಫಲ್ಯವನ್ನು ಸಹಿಸುತ್ತಾನೆ, ಮೌನವನ್ನು ಬಹುಕಾಲ ಸಹಿಸುವುದಿಲ್ಲ.

ನೀವು 28 ಜನ ಇದ್ದೀರಿ. ಮುಂದಿನ ಬಜೆಟ್ ಅಧಿವೇಶನದಲ್ಲಿ ನಿಮ್ಮಲ್ಲಿ ಒಬ್ಬರಾದರೂ ಬಜೆಟ್ ಅಂದಾಜಿಗೂ ಪರಿಷ್ಕೃತ ಅಂದಾಜಿಗೂ ನಡುವಿನ ಅಂತರದ ಬಗ್ಗೆ, ಸಚಿವರು ಸದನದಲ್ಲೇ ಬಾಯ್ದೆರೆಯಾಗಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ಕೇಳುವಿರಾ? ಸದನದ ನಡಾವಳಿಯಲ್ಲಿ ಅದನ್ನು ಹುಡುಕುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಮತದಾರ